ತಟ್ಟೆಯಲ್ಲಿಟ್ಟು ಕೊಟ್ಟ ಡಿಗ್ರಿ

ನನ್ನ ವಿಚ್ಛೇದನದ ಕೇಸು ಆರು ವರ್ಷ ನಡೆಯಿತು ಅಂತ ಜನ ಈಗಲೂ ಹೇಳುತ್ತಾರೆ. ಅದು ನಡೆದದ್ದು ಕಮ್ಮಿ, ನಿಂತದ್ದೇ ಹೆಚ್ಚು. ನಡೆದವಳು ನಾನು. ತುಮಕೂರಿನ ಬಟವಾಡಿಯ ಬಾಡಿಗೆ ಕೋಣೆಯಿಂದ ಕೋರ್ಟಿಗೆ, ಅಲ್ಲಿಂದ ಪಾಠ ಹೇಳುತ್ತಿದ್ದ ಖಾಸಗಿ ಶಾಲೆಗೆ. ವಾಯಿದೆ ಇದ್ದ ದಿನ ಅರ್ಧ ದಿನದ ರಜೆ ಬೇಕಿತ್ತು. ರಜೆ ಅರ್ಜಿಯ ಕಾರಣದ ಜಾಗದಲ್ಲಿ ‘ಸ್ವಂತ ಕೆಲಸ’ ಎಂದು ಬರೆದೂ ಬರೆದೂ, ಹೆಡ್ ಮಾಸ್ಟರು ಒಂದು ದಿನ ನಾನು ಬಾಯಿ ತೆರೆಯುವ ಮೊದಲೇ, "ಸ್ವಂತ ಕೆಲಸಾನಾ? ಹೋಗ್ಬನ್ನಿ ಮೇಡಂ" ಎಂದುಬಿಟ್ಟರು.

ಆ ಆರು ವರ್ಷ ನಾನು ಕೇಳುತ್ತಿದ್ದದ್ದು ಏನನ್ನು ಎಂದು ಮೊದಲೇ ಹೇಳಿಬಿಡುತ್ತೇನೆ. ಬಿಡುಗಡೆ ಬೇಕಿತ್ತು, ನಿಜ. ಒಡವೆ, ಸೈಟಿನ ದುಡ್ಡು ಬರಬೇಕಿತ್ತು, ಅದೂ ನಿಜ. ಆದರೆ ನನ್ನ ನಿದ್ದೆ ಕೆಡಿಸಿದ್ದು ಒಂದು ನೀಲಿ ರಟ್ಟಿನ ಫೈಲು. ಅದರೊಳಗೆ ನನ್ನ ಬಿ.ಎಸ್ಸಿ. ಪದವಿ ಪತ್ರ ಮತ್ತು ಮೂರು ವರ್ಷದ ಅಂಕಪಟ್ಟಿಗಳಿದ್ದವು. ಫೈಲು ಕುಣಿಗಲ್ಲಿನ ಗಂಡನ ಮನೆಯ ಬೀರುವಿನಲ್ಲಿತ್ತು. ಅದನ್ನು ಅಲ್ಲಿಗೆ ಸೇರಿಸಿದವನು ನಮ್ಮಪ್ಪ.

ನಮ್ಮದು ಕಡಬದ ಕೆರೆಯ ಆಚೆಗಿನ ಸಣ್ಣ ಊರು. ಅಪ್ಪ ಗುಬ್ಬಿಯ ಒಂದು ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಮುರಿದು, ಸಿಪ್ಪೆ ಎಳೆಯುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಅದೇ. ಅವನ ಹೆಬ್ಬೆರಳಿನ ಗೆರೆಗಳೆಲ್ಲ ಸವೆದು, ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಬರೀ ಮಸಿಯ ಮುದ್ದೆ ಮೂಡುತ್ತಿತ್ತು. ಅವ್ವ ನಾನು ಏಳನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡಳು. ನಮ್ಮ ಮನೆತನದಲ್ಲಿ ಆ ಏಳನೇ ಕ್ಲಾಸನ್ನು ದಾಟಿದವರೇ ಇರಲಿಲ್ಲ. ನಾನು ಹಾಸ್ಟೆಲಿನ ಮುದ್ದೆ ತಿಂದು, ಇನ್ನೊಬ್ಬರ ನೋಟ್ಸ್ ಕೈಯಲ್ಲಿ ಕಾಪಿ ಮಾಡಿಕೊಂಡು ಬಿ.ಎಸ್ಸಿ. ಪಾಸಾದೆ, ಫಸ್ಟ್ ಕ್ಲಾಸಿನಲ್ಲಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪದವಿ ಪತ್ರ ಬಂದ ದಿನ ಅಪ್ಪ ಅದನ್ನು ಮಂಡಿಗೆ ತೆಗೆದುಕೊಂಡು ಹೋಗಿ, ಕೈ ತೊಳೆದುಕೊಂಡವರಿಗೆ ಮಾತ್ರ ಮುಟ್ಟಲು ಕೊಟ್ಟನಂತೆ.

ತೊಂಬತ್ತಮೂರರಲ್ಲಿ ಗುಬ್ಬಿಯ ಛತ್ರದಲ್ಲಿ ಮದುವೆಯಾಯಿತು. ಹೆಣ್ಣು ಒಪ್ಪಿಸಿಕೊಡುವ ಹೊತ್ತು. ಅವ್ವನದು ಅಂತ ಮನೆಯಲ್ಲಿ ಉಳಿದಿದ್ದ ಒಂದೇ ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ಜೋಡಿಸಿದ್ದರು. ಅಪ್ಪ ಎಲ್ಲಿಂದಲೋ ಆ ನೀಲಿ ಫೈಲು ತಂದು ಕಾಯಿಯ ಪಕ್ಕದಲ್ಲಿಟ್ಟ. ಅದಕ್ಕೂ ಅರಿಸಿನ ಕುಂಕುಮ ಹಚ್ಚಿದ. ಎರಡೂ ಕೈಯಲ್ಲಿ ತಟ್ಟೆ ಎತ್ತಿ ನನ್ನ ಮಾವನವರ ಮುಂದೆ ಹಿಡಿದ.

"ಬೀಗ್ರೇ, ನಮ್ತಾವ ಬಂಗಾರ ಜಾಸ್ತಿ ಇಲ್ಲ. ಇದೇ ನಮ್ಮುಡುಗಿ ಬಂಗಾರ. ಜ್ವಾಪಾನ."

ಸುತ್ತ ನಿಂತವರು ಒಂದಷ್ಟು ಜನ ನಕ್ಕರು, ಒಂದಷ್ಟು ಜನ ‘ಶಭಾಷ್’ ಅಂದರು. ಮಾವ ಒಳ್ಳೆಯ ಮನುಷ್ಯ. "ಬೀರುನಾಗೆ ಮಡಗ್ತೀನಿ ಬುಡಿ ಬೀಗ್ರೇ" ಅಂದರು. ಹೇಳಿದ ಹಾಗೆಯೇ ಬೀರುವಿನಲ್ಲಿಟ್ಟು ಬೀಗ ಹಾಕಿದರು. ತಡೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ. ನಿಜ ಹೇಳಬೇಕೆಂದರೆ, ಆವತ್ತು ಹಾಕಿಕೊಂಡಿದ್ದ ಎರಡೆಳೆ ಸರಕ್ಕಿಂತ ಆ ಫೈಲು ತಟ್ಟೆಯಲ್ಲಿದ್ದದ್ದೇ ನನಗೆ ಹೆಮ್ಮೆಯಾಗಿತ್ತು. ಎಸ್ಸೆಸ್ಸೆಲ್ಸಿ, ಪಿಯುಸಿಯ ಕಾಗದಗಳು ನನ್ನ ಹಾಸ್ಟೆಲ್ ಟ್ರಂಕಿನಲ್ಲೇ ಉಳಿದವು. ಆಗಷ್ಟೇ ಬರೆದಿದ್ದ ಬಿ.ಎಡ್. ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ.

ನಾವು ತುಮಕೂರಿನಲ್ಲಿ ಸಂಸಾರ ಹೂಡಿದೆವು. ಗಂಡನಿಗೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ನಾನು ಜೆರಾಕ್ಸ್ ಪ್ರತಿ ತೋರಿಸಿ ಖಾಸಗಿ ಶಾಲೆಯಲ್ಲಿ ವಿಜ್ಞಾನದ ಟೀಚರಾದೆ. ಯಾಕೆ ಬಿಟ್ಟು ಬಂದೆ ಎನ್ನುವುದನ್ನು ಉದ್ದಕ್ಕೆ ಬರೆಯುವುದಿಲ್ಲ. ಮೂರು ವರ್ಷ ನನ್ನ ಸಂಬಳದ ಕವರು ನಾನು ತೆರೆದು ನೋಡಲಿಲ್ಲ. ನನ್ನ ಸಂಬಳದಲ್ಲಿ ಕಂತು ಕಟ್ಟಿದ ಸೈಟು ಆತನ ಹೆಸರಿಗೆ ನೋಂದಣಿಯಾಯಿತು. ಕೇಳಿದ ದಿನ ಕೆನ್ನೆಗೆ ಬಿತ್ತು. "ಓದಿದೀನಿ ಅಂತ ಕೊಬ್ಬಾ?" ಎಂದ. ಮಾರನೇ ದಿನ ಶಾಲೆಗೆ ಹೋದವಳು ವಾಪಸ್ ಆ ಮನೆಗೆ ಹೋಗಲಿಲ್ಲ. ಅಷ್ಟೊತ್ತಿಗೆ ಮಾವ ತೀರಿಕೊಂಡು, ಬೀರುವಿನ ಕೀಲಿಕೈ ಆತನ ಉಡಿದಾರಕ್ಕೆ ಬಂದಿತ್ತು.

ತೊಂಬತ್ತೇಳರಲ್ಲಿ ಅರ್ಜಿ ಹಾಕಿದೆ. ಅಷ್ಟರಲ್ಲಿ ಆತ ತುಮಕೂರು ಬಿಟ್ಟು ಕುಣಿಗಲ್ಲಿನ ಮನೆ ಸೇರಿದ್ದ. ಮೊದಲ ವರ್ಷ ನೋಟೀಸಿನಲ್ಲೇ ಹೋಯಿತು. ಕೋರ್ಟಿನವರು ಕುಣಿಗಲ್ಲಿಗೆ ಹೋದಾಗಲೆಲ್ಲ ‘ಮನೆ ಬೀಗ’ ಎಂದು ಬರೆದುಕೊಂಡು ಬರುತ್ತಿದ್ದರು. ಬೀಗ ಹಾಕಿದ ಆ ಮನೆಯ ಮುಂದೆ ಅದೇ ದಿನ ರಂಗೋಲಿ ಹಾಕಿದ್ದನ್ನು ನಮ್ಮ ಶಾಲೆಯ ಆಯಾ, ಆ ಬೀದಿಯ ಕಡೆಯವಳೇ, ಕಣ್ಣಾರೆ ನೋಡಿ ಬಂದು ಹೇಳುತ್ತಿದ್ದಳು. "ಬೀಗ ಹಾಕಿರೋ ಮನೇಲಿ ಒಗ್ಗರಣೆ ವಾಸ್ನೆ ಮೇಡಂ" ಎಂದು ನಗುತ್ತಿದ್ದಳು. ಕೊನೆಗೆ ಬಾಗಿಲಿಗೇ ನೋಟೀಸು ಅಂಟಿಸಿದ ಮೇಲೆ ಆತ ಬಂದ.

ಬಂದ ಮೇಲೆ ಪಂಚಾಂಗ ಶುರುವಾಯಿತು.

ಇಬ್ಬರೂ ಒಪ್ಪಿ ಬಿಡುಗಡೆ ತೆಗೆದುಕೊಳ್ಳೋಣ, ಒಡವೆ ವಾಪಸ್, ಸೈಟು ಮಾರಿದಾಗ ಅರ್ಧ ದುಡ್ಡು, ಜೊತೆಗೆ ಫೈಲು ಎಂದು ಎರಡೂ ಕಡೆಯ ವಕೀಲರು ಮಾತಾಡಿ ತೀರ್ಮಾನಿಸಿದರು. ಮೊದಲ ಸಲ ಆತ ಸಹಿ ಹಾಕಿದ. ನನಗೆ ಎಷ್ಟು ಖುಷಿಯಾಯಿತೆಂದರೆ, ಕೋರ್ಟಿನ ಎದುರಿನ ಹೋಟೆಲಿನಲ್ಲಿ ವಕೀಲರಿಗೆ ತಟ್ಟೆ ಇಡ್ಲಿ ಕೊಡಿಸಿದೆ. ಅವರು ವಯಸ್ಸಾದವರು, ನಿಧಾನದ ಮನುಷ್ಯ. ಇಡ್ಲಿ ಮುರಿಯುತ್ತಾ, "ಇನ್ನು ಆರು ತಿಂಗಳು ಬಿಟ್ಟು ಇಬ್ಬರೂ ಬಂದು ಇನ್ನೊಂದು ಸಲ ಹೇಳಬೇಕಮ್ಮ. ಆವತ್ತು ತಿನ್ನೋಣ ಮಸಾಲೆ ದೋಸೆ" ಅಂದರು.

ಆರು ತಿಂಗಳಾದ ಮೇಲಿನ ದಿನಾಂಕ ಆಷಾಢದಲ್ಲಿ ಬಿತ್ತು. ಆತ ಬರಲಿಲ್ಲ. ಆತನ ವಕೀಲ ಎದ್ದು ನಿಂತು ಏನೋ ಗೊಣಗಿ ವಾಯಿದೆ ತೆಗೆದುಕೊಂಡ. ಹೊರಗೆ ವರಾಂಡದಲ್ಲಿ ಕೇಳಿದಾಗ ಹೇಳಿದ: "ಆಷಾಢದಲ್ಲಿ ಸೈನ್ ಹಾಕಿದ್ರೆ ಮನೆಗೆ ಆಗಿಬರಲ್ಲ ಅಂತ ಅವ್ರ ತಾಯಿ ಹೇಳವ್ರಂತೆ ಸಾರ್."

ನಮ್ಮ ವಕೀಲರು ಕನ್ನಡಕ ತೆಗೆದರು. "ಅಲ್ಲಯ್ಯಾ, ಆಷಾಢ ಅಂದ್ರೆ ಗಂಡ ಹೆಂಡ್ತಿ ದೂರ ಇರೋ ತಿಂಗಳು. ಡೈವೋರ್ಸಿಗೆ ಇದಕ್ಕಿಂತ ಒಳ್ಳೆ ಮುಹೂರ್ತ ಬೇಕೇನಯ್ಯಾ?"

ವರಾಂಡದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮುಂದೆ ಪಿತೃಪಕ್ಷ ಬಂತು. ಧನುರ್ಮಾಸ ಬಂತು. ಒಂದು ಸಲ ಯಾವುದೂ ಸಿಗದೆ, ಕೇಸು ಕೂಗಿದ ಹೊತ್ತು ರಾಹುಕಾಲವಾಗಿತ್ತೆಂದು ಗೇಟಿನ ಹೊರಗಿನ ಟೀ ಅಂಗಡಿಯಲ್ಲೇ ಕೂತಿದ್ದ. ರಾಹುಕಾಲ ಕಳೆದು ಒಳಗೆ ಬರುವಷ್ಟರಲ್ಲಿ ನ್ಯಾಯಾಧೀಶರು ಊಟಕ್ಕೆ ಎದ್ದಿದ್ದರು, ಕೇಸು ಮೂರು ತಿಂಗಳು ಮುಂದಕ್ಕೆ ಹೋಗಿತ್ತು. ಆಮೇಲೆ ನಾನು ನಗಲಿಲ್ಲ. ಮನೆಯಲ್ಲಿ ಒಂದು ತೂಗುಪಂಚಾಂಗ ತಂದು ನೇತುಹಾಕಿಕೊಂಡೆ. ವಿಜ್ಞಾನ ಓದಿದವಳು, ಗ್ರಹಣ ಹೇಗೆ ಆಗುತ್ತದೆಂದು ಮಕ್ಕಳಿಗೆ ಚೆಂಡು, ಟಾರ್ಚು ಹಿಡಿದು ತೋರಿಸುವವಳು, ಪ್ರತಿ ವಾಯಿದೆಗೂ ಮುಂಚೆ ಆವತ್ತು ಏನು ಕೆಟ್ಟದ್ದಿದೆ ಎಂದು ಹುಡುಕುತ್ತಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಆತನ ಮೇಲಿನದಕ್ಕಿಂತ ಕಮ್ಮಿಯೇನಲ್ಲ.

ಈ ನಡುವೆ ಸರ್ಕಾರಿ ಹೈಸ್ಕೂಲು ಶಿಕ್ಷಕರ ನೇಮಕದ ಪಟ್ಟಿಯಲ್ಲಿ ನನ್ನ ನಂಬರು ಬಂತು. ಮೂಲ ದಾಖಲೆ ತನ್ನಿ ಎಂದರು. ಹದಿನೈದು ದಿನ ಟೈಮು. ನಮ್ಮ ವಕೀಲರು ಫೈಲನ್ನಾದರೂ ತಕ್ಷಣ ಕೊಡಿಸಿ ಎಂದು ಕೋರ್ಟಿಗೆ ಬೇರೆ ಅರ್ಜಿ ಹಾಕಿದರು. ಆವತ್ತು ಆತ ಖುದ್ದಾಗಿ ಬಂದಿದ್ದ, ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ. ಆತನ ವಕೀಲ ಎದ್ದು ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ: "ಸ್ವಾಮಿ, ಅದನ್ನ ಹುಡುಗಿ ತಂದೆ ನೂರಾರು ಜನರ ಮುಂದೆ, ತಾಂಬೂಲದ ಜೊತೆ, ಅರಿಸಿನ ಕುಂಕುಮ ಹಚ್ಚಿ ನಮ್ಮ ಕಕ್ಷಿದಾರರ ತಂದೆಗೆ ಕೊಟ್ಟಿದ್ದು. ಕೊಟ್ಟದ್ದನ್ನ ಈಗ ಕೇಳ್ತಿದ್ದಾರೆ. ಉತ್ತರ ಕೊಡೋಕೆ ನಮಗೆ ಸಮಯ ಬೇಕು."

ನ್ಯಾಯಾಧೀಶರಿಗೇ ನಗು ಬಂತು. "ಡಿಗ್ರಿ ದಾನ ಕೊಡೋಕೆ ಬರುತ್ತೇನ್ರೀ?" ಎಂದರು. ಆದರೂ ಸಮಯ ಕೊಟ್ಟರು. ನಾಲ್ಕು ವಾರ. ನನ್ನ ಹತ್ತಿರ ಇದ್ದದ್ದು ಒಂಬತ್ತು ದಿನ.

ಹೊರಗೆ ಬಂದಾಗ ಆತ ಮೆಟ್ಟಿಲ ಹತ್ತಿರ ನಿಂತಿದ್ದ. ನಾನೇ ಹೋಗಿ ಕೇಳಿದೆ. "ಆ ಕಾಗದ ಇಟ್ಕೊಂಡು ನಿಮಗೇನ್ರೀ ಸಿಗುತ್ತೆ?"

"ನಂಗೇನೂ ಬೇಡ. ಬೀರು ಕೀ ಎಲ್ಲೋ ಬಿದ್ದೋಗಿದೆ. ಹುಡುಕ್ತೀನಿ."

"ಸೊಂಟದಲ್ಲೇ ಇದೆಯಲ್ಲಾ."

ಆತ ಶರ್ಟು ಕೆಳಗೆಳೆದುಕೊಂಡ. "ಇದು ಬೇರೆ ಕೀ ಕಣೇ. ಅಷ್ಟು ಅರ್ಜೆಂಟಿದ್ರೆ ನಿಮ್ಮಪ್ಪಂಗೆ ಹೇಳು, ಇನ್ನೊಂದು ಡಿಗ್ರಿ ಕಾಯಿ ಸುಲ್ದು ತೆಗ್ಸು."

ನಕಲು ಪ್ರತಿಗೆ ದಾರಿಯಿತ್ತು. ಪೊಲೀಸ್ ಸ್ಟೇಷನ್ನಿಗೆ ಹೋದೆ. ಅಲ್ಲಿನ ರೈಟರು ಸೌಮ್ಯವಾಗಿಯೇ ಮಾತಾಡಿದರು. "ಪ್ರಯಾಣದಲ್ಲಿ ಕಳೆದೋಯ್ತು ಅಂತ ಒಂದು ದೂರು ಬರ್ಕೊಡಿ ಮೇಡಂ. ಪೇಪರ್‌ನಲ್ಲಿ ಪ್ರಕಟಣೆ, ಒಂದು ಅಫಿಡವಿಟ್ಟು. ಯೂನಿವರ್ಸಿಟಿಯೋರು ಕೊಡ್ತಾರೆ."

"ಕಳೆದಿಲ್ಲ ಸಾರ್. ಕುಣಿಗಲ್ಲಿನಲ್ಲಿದೆ. ಬೀರುವಿನ ಎರಡನೇ ಖಾನೆಯಲ್ಲಿದೆ. ಬೇಕಾದರೆ ಅಡ್ರೆಸ್ ಕೊಡ್ತೀನಿ."

"ಅಯ್ಯೋ, ಅದು ಗಂಡ ಹೆಂಡ್ತಿ ಮ್ಯಾಟ್ರು, ಕೋರ್ಟಲ್ಲಿದೆ ಅಂತೀರಿ. ಕಳೆದೋಯ್ತು ಅಂತ ಬರ್ದ್ರೆ ನಿಮ್ಮ ಕೆಲ್ಸ ಆಗುತ್ತೆ. ಸುಮ್ನೆ ಬರೀರಿ."

ನಾನು ಬರೆಯಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ. ಅಷ್ಟು ಕಷ್ಟಪಟ್ಟು ಪಡೆದದ್ದನ್ನು, ಬಸ್ಸಿನಲ್ಲಿ ಕೊಡೆ ಮರೆತ ಹಾಗೆ ಕಳೆದುಕೊಂಡೆ ಎಂದು ನಾನೇ ಸಹಿ ಹಾಕಬೇಕೇ? ಅವರು ಕಿತ್ತಿಟ್ಟುಕೊಂಡದ್ದಕ್ಕೆ ಬೇಜವಾಬ್ದಾರಿ ನನ್ನದಾಗಬೇಕೇ? ಹದಿನೈದು ದಿನ ಮುಗಿಯಿತು. ಆ ಕೆಲಸ ಪಟ್ಟಿಯಲ್ಲಿ ನನ್ನ ಕೆಳಗಿದ್ದವರಿಗೆ ಹೋಯಿತು. ಫೈಲಿನ ಅರ್ಜಿಯೂ ವಾಯಿದೆಯ ಮೇಲೆ ವಾಯಿದೆ ಬಿದ್ದು, ಕೇಸಿನ ಜೊತೆಗೇ ನಿಂತಿತು. ಆಗ ಸರಿ ಮಾಡಿದೆ ಅಂದುಕೊಂಡಿದ್ದೆ. ಅದೇ ಹಳೇ ಸಂಬಳದಲ್ಲಿ ಬಾಡಿಗೆ ಕಟ್ಟುತ್ತಾ ಮುಂದಿನ ಎರಡು ವರ್ಷ ಪ್ರತಿ ತಿಂಗಳ ಕೊನೆಯಲ್ಲೂ, ಸರಿ ಮಾಡಿದೆನಾ ಅಂತ ಯೋಚಿಸಿದ್ದೇನೆ.

ಎರಡನೇ ಸಲ ಪಟ್ಟಿಯಲ್ಲಿ ನಂಬರು ಬಂದಾಗ ಅಪ್ಪನಿಗೆ ಹೇಳಬಾರದು ಅಂದುಕೊಂಡಿದ್ದೆ. ಕೋರ್ಟಿನಲ್ಲಿ ಆ ವಕೀಲ ಆಡಿದ ಮಾತು ಯಾರಿಂದಲೋ ಅವನ ಕಿವಿಗೆ ಬಿದ್ದು, ಆವತ್ತಿನಿಂದ ಅವನು ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದ. ಆದರೆ ಪಟ್ಟಿಯ ವಿಷಯವೂ ಗೊತ್ತಾಗಿಬಿಟ್ಟಿತು. ಒಂದು ಭಾನುವಾರ ಮಧ್ಯಾಹ್ನ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಒಗೆದ ಪಂಚೆ, ಹೆಗಲ ಮೇಲೆ ಹೊಸ ಟವೆಲು, ಕಂಕುಳಲ್ಲಿ ಬಟ್ಟೆ ಸುತ್ತಿದ ಅಗಲವಾದ ಗಂಟು.

"ಕುಣಿಗಲ್ಗೋಗಿದ್ದೆ ಕಣವ್ವಾ."

ಗಂಟು ಬಿಚ್ಚಿದ. ಅವ್ವನ ಹಿತ್ತಾಳೆ ತಟ್ಟೆ. ಅದರಲ್ಲಿ ಒಂದು ಅಚ್ಚು ಬೆಲ್ಲ, ಎರಡು ವೀಳ್ಯದೆಲೆ.

"ಗಂಡಸ್ರು ಯಾರೂ ಇರ್ಲಿಲ್ಲ. ನಿಮ್ಮತ್ತೆ ಇದ್ರು. ತಟ್ಟೆ ಕೇಳ್ದೆ, ಕೊಟ್ರು. ಬರೀ ತಟ್ಟೆ ಕೊಡಬಾರ್ದು ಅಂತ ಬೆಲ್ಲ ಇಕ್ಕಿ ಕೊಟ್ರು."

"ಫೈಲು?"

ಅಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ.

"ಫೈಲು ಎಲ್ಲಪ್ಪಾ?"

"ಕೇಳ್ಲಿಲ್ಲ ಕಣವ್ವ."

"ಕೇಳಲಿಲ್ವಾ? ಅಲ್ಲೀವರೆಗೂ ಹೋಗಿ?"

"ತಟ್ಟೆ ನಮ್ದು. ಅದ್ನ ಕೇಳ್ಬೋದು. ಫೈಲ್ನ ನಾನೇ ಇವೆರ್ಡು ಕೈಯಾಗೆ ಎತ್ತಿ ಕೊಟ್ಟಿದ್ದು. ಕೊಟ್ಟಿದ್ನ ಕೊಡಿ ಅನ್ನಾಕೆ ಬಾಯೇ ಬರ್ಲಿಲ್ಲ. ತಟ್ಟೆ ಕಂಡು ಅವ್ರೇ ನೆಪ್ಪು ಮಾಡ್ಕೊಂಡು ಕೊಡ್ತಾರೇನೋ ಅನ್ಕಂಡೆ."

ನಾನು ಕೂಗಾಡಿದೆ. ಬರೀ ತಟ್ಟೆ ಕೊಡಬಾರದು ಅನ್ನೋ ಶಾಸ್ತ್ರ ಗೊತ್ತಿರೋ ಹೆಂಗಸಿಗೆ ಬೆಲ್ಲದ ಬದಲು ಆ ಫೈಲು ಇಡೋಕೆ ಗೊತ್ತಾಗಲಿಲ್ವಾ ಅಂತ ಅತ್ತೆಯನ್ನು ಬೈದೆ. ಅಪ್ಪನನ್ನೂ ಬೈದೆ. "ಯಾರಾದ್ರೂ ಮಗಳ ಸರ್ಟಿಫಿಕೇಟನ್ನ ಬಾಳೆಹಣ್ಣಿನ ಜೊತೆ ಇಟ್ಟು ಕೊಡ್ತಾರೇನಪ್ಪಾ?" ಎಂದೆ. ವರ್ಷಗಟ್ಟಲೆ ಒಳಗೇ ಇಟ್ಟುಕೊಂಡಿದ್ದ ಮಾತು ಅದು. ಅವನು ಬಾಗಿಲ ಹೊಸಿಲಿನ ಮೇಲೆ ಕೂತು ತನ್ನ ಅಂಗೈ ನೋಡಿಕೊಂಡ. "ಬ್ಯಾರೆ ಏನ್ ಕೊಡ್ಲಿ ಮಗಾ, ಇದ್ದಿದ್ದೇ ಅದು" ಎಂದ.

ಮಾರನೇ ದಿನ ಅದೇ ಸ್ಟೇಷನ್ನಿಗೆ ಹೋದೆ. ರೈಟರು ಬೇರೆಯವರು ಬಂದಿದ್ದರು. ಕುಣಿಗಲ್ಲಿನಿಂದ ಹೆಬ್ಬೂರಿನ ಮೇಲೆ ತುಮಕೂರಿಗೆ ಬರುವಾಗ ಬಸ್ಸಿನಲ್ಲಿ ದಾಖಲೆಗಳು ಕಳೆದುಹೋಗಿರುತ್ತವೆ ಎಂದು ಬರೆದುಕೊಟ್ಟೆ. ನನ್ನ ಜೀವನದಲ್ಲಿ ಸಹಿ ಹಾಕಿ ಹೇಳಿದ ಸುಳ್ಳು ಅದೊಂದೇ. ಪತ್ರಿಕೆಯಲ್ಲಿ ಪ್ರಕಟಣೆ ಬಂದ ದಿನ ಸ್ಟಾಫ್ ರೂಮಿನಲ್ಲಿ ಒಬ್ಬರು ಓದಿ, "ಇಷ್ಟು ಮುಖ್ಯದ್ದನ್ನ ಹಿಂಗಾ ನೋಡ್ಕೊಳ್ಳೋದು ಮೇಡಂ, ಸ್ವಲ್ಪ ಹುಷಾರಾಗಿರಬಾರ್ದಾ?" ಎಂದು ಬುದ್ಧಿ ಹೇಳಿದರು. ಹೌದು ಎಂದು ತಲೆ ಆಡಿಸಿದೆ. ಛಾಪಾ ಕಾಗದದ ಮೇಲಿನ ಅಫಿಡವಿಟ್ಟಿನಲ್ಲಿ ಕೊನೆಯ ಸಾಲು ಹೀಗಿತ್ತು: ಕಳೆದುಹೋದ ಮೂಲ ಪ್ರತಿಗಳು ಮುಂದೆ ದೊರೆತಲ್ಲಿ ವಿಶ್ವವಿದ್ಯಾಲಯಕ್ಕೆ ಹಿಂದಿರುಗಿಸುತ್ತೇನೆ. ಅದಕ್ಕೂ ಸಹಿ ಹಾಕಿದೆ.

ನಕಲು ಬಂತು. ತಲೆಯ ಮೇಲೆ ಕೆಂಪು ಅಕ್ಷರದಲ್ಲಿ ‘ದ್ವಿಪ್ರತಿ’ ಎಂಬ ಮುದ್ರೆ. ಕೊನೆಯ ದಿನಕ್ಕೆ ಮೂರು ದಿನ ಮುಂಚೆ ಅದನ್ನು ತೋರಿಸಿದೆ. ಬೆಳ್ಳಾವಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿಗೆ ಆದೇಶ ಬಂತು. ಸೇರಿದೆ. ಕೇಸು ಮಾತ್ರ ಅಲ್ಲೇ ನಿಂತಿತ್ತು. ಸೈಟಿಗೆ ಗಿರಾಕಿ ಬಂದಿಲ್ಲ, ಒಡವೆ ಬ್ಯಾಂಕಿನಲ್ಲಿದೆ, ಅಮ್ಮನಿಗೆ ಹುಷಾರಿಲ್ಲ, ಮತ್ತೆ ಆಷಾಢ. ಹೊಸ ಶಾಲೆಯ ರಜೆ ಅರ್ಜಿಯಲ್ಲೂ ‘ಸ್ವಂತ ಕೆಲಸ’ ಎಂದು ಬರೆಯಲು ಶುರುಮಾಡಿದೆ.

ಎರಡು ಸಾವಿರದ ಮೂರರಲ್ಲಿ ಒಂದು ದಿನ ವಕೀಲರು ಶಾಲೆಗೆ ಫೋನು ಮಾಡಿದರು. "ನೋಡಮ್ಮಾ, ನಾಡಿದ್ದು ಬಾ. ಆಸಾಮಿ ಬರ್ತಾನಂತೆ. ಅವನೇ ಹೇಳಿಕಳಿಸವ್ನೆ, ಬೇಗ ಮುಗಿಸಿ ಅಂತ."

ಮನೆಗೆ ಬಂದು ಗೋಡೆಯ ಪಂಚಾಂಗ ನೋಡಿದೆ. ಆಷಾಢ. ಕೋರ್ಟಿನ ಆ ಹೊತ್ತಿಗೆ ಸರಿಯಾಗಿ ರಾಹುಕಾಲ. ಆತ ನನಗಿಂತ ಮುಂಚೆ ಬಂದು ಬೆಂಚಿನ ಮೇಲೆ ಕೂತಿದ್ದ. ವಿಷಯ ಇಷ್ಟೆ: ಶ್ರಾವಣದಲ್ಲಿ ಆತನಿಗೆ ಬೇರೆ ಮದುವೆ ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಕೋರ್ಟಿನ ಕಾಗದ ನೋಡದೆ ಲಗ್ನಪತ್ರಿಕೆ ಬರೆಸುವುದಿಲ್ಲ ಎಂದಿದ್ದರು. ಆರು ವರ್ಷ ಆಗದ ಕೆಲಸ ಹತ್ತು ನಿಮಿಷದಲ್ಲಿ ಆಯಿತು. ನ್ಯಾಯಾಧೀಶರು ಕೇಳಿದರು, ಇಬ್ಬರೂ ಹೌದು ಎಂದೆವು. ಒಡವೆಯಲ್ಲಿ ಸರ ಬಂತು, ಬಳೆ ಬರಲಿಲ್ಲ. ಸೈಟಿನ ನನ್ನ ಅರ್ಧಕ್ಕೆ ಮೂರು ಕಂತು ಒಪ್ಪಿಕೊಂಡು ಬರೆದುಕೊಟ್ಟ. ಎರಡು ಕೊಟ್ಟ. ಮೂರನೆಯದಕ್ಕೆ ಮತ್ತೆ ಕೋರ್ಟಿಗೆ ಹೋಗಬಹುದಿತ್ತು. ನನಗೆ ಆ ವರಾಂಡ ಸಾಕಾಗಿತ್ತು.

ಹೊರಗೆ ಬಂದಾಗ ಆತ ಪ್ಲಾಸ್ಟಿಕ್ ಚೀಲದಿಂದ ನೀಲಿ ಫೈಲು ತೆಗೆದು ಚಾಚಿದ. "ತಗೋ. ಚೆನ್ನಾಗೇ ಮಡಗಿದ್ದೆ. ನುಸಿಗುಳಿಗೆ ಹಾಕಿಟ್ಟಿದ್ದೆ."

ಹತ್ತು ವರ್ಷ ಚೆನ್ನಾಗಿ ಇಟ್ಟುಕೊಂಡದ್ದಕ್ಕೆ ಥ್ಯಾಂಕ್ಸ್ ಹೇಳಬೇಕಿತ್ತೋ ಏನೋ. "ಕೀ ಸಿಕ್ತಾ?" ಎಂದಷ್ಟೇ ಕೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ. ವಕೀಲರ ಮಸಾಲೆ ದೋಸೆ ಬಾಕಿ ಉಳಿಯಿತು.

ಗುಬ್ಬಿ ಬಸ್ಸಿನಲ್ಲಿ ಕೂತು ಬಿಚ್ಚಿ ನೋಡಿದೆ. ರಟ್ಟಿನ ಮೇಲೆ ಅಪ್ಪ ಹಚ್ಚಿದ್ದ ಕುಂಕುಮ ಕಂದು ಬಣ್ಣಕ್ಕೆ ತಿರುಗಿತ್ತು. ಒಳಗೆ ಪದವಿ ಪತ್ರ ಒಂದು ಮಡಿಕೆಯೂ ಇಲ್ಲದೆ ಹಾಗೇ ಇತ್ತು, ಮೇಲೆ ಯಾವ ಕೆಂಪು ಮುದ್ರೆಯೂ ಇಲ್ಲದೆ. ಆಗ ಅಫಿಡವಿಟ್ಟಿನ ಕೊನೆಯ ಸಾಲು ನೆನಪಾಯಿತು. ಗುಬ್ಬಿ ಬರುವವರೆಗೂ ಅದನ್ನೇ ಯೋಚಿಸಿದೆ. ಕಳೆದುಹೋದದ್ದು ದೊರೆತಲ್ಲಿ ಹಿಂದಿರುಗಿಸುತ್ತೇನೆ ಎಂದು ನಾನು ಬರೆದುಕೊಟ್ಟಿದ್ದು ನಿಜ. ಆದರೆ ಇದು ಯಾವತ್ತು ಕಳೆದಿತ್ತು? ಎಲ್ಲಿದೆ ಎಂದು ನನಗೆ ಪ್ರತಿ ದಿನವೂ ಗೊತ್ತಿತ್ತು, ಬೀರುವಿನ ಎರಡನೇ ಖಾನೆ. ನಾನು ಹಿಂದಿರುಗಿಸಲಿಲ್ಲ. ತಪ್ಪಾದರೆ ತಪ್ಪು.

ಸರ್ಕಾರಿ ಕಡತದಲ್ಲಿರುವುದು ಕೆಂಪು ಮುದ್ರೆಯದು. ಮೂಲವನ್ನು ಆವತ್ತು ಸಂಜೆ ಅಪ್ಪನ ಕೈಗೆ ಕೊಟ್ಟೆ. ಅವನು ಕೈ ತೊಳೆದುಕೊಂಡು ಬಂದು ತೆಗೆದುಕೊಂಡ. ಗೋಡೆಯ ಗೂಡಿನಲ್ಲಿದ್ದ ಅವ್ವನ ತಟ್ಟೆ ಇಳಿಸಿ, ಒರೆಸಿ, ಫೈಲನ್ನು ಅದರೊಳಗಿಟ್ಟು ಮತ್ತೆ ಗೂಡಿಗೇರಿಸಿದ. ಈಗಲೂ ಹಬ್ಬಕ್ಕೆ ತಟ್ಟೆ ಬೇಕಾದಾಗ ಫೈಲು ತೆಗೆದು ಕಂಕುಳಲ್ಲಿ ಒತ್ತಿಕೊಳ್ಳುತ್ತಾನೆ. ನಾನು ಹಿಡಿದುಕೊಳ್ಳಲು ಕೈ ಚಾಚಿದರೂ ಕೊಡುವುದಿಲ್ಲ. ಪೂಜೆ ಮುಗಿದು ತಟ್ಟೆ ತೊಳೆದು ತರುವವರೆಗೂ ಹಾಗೇ ನಿಂತಿರುತ್ತಾನೆ.